ಪಕ್ಕದ ಮನೆಯವಳ ಮಮ್ಮಿ

ನನ್ನ ಅತ್ತೆಯನ್ನು ಪಕ್ಕದ ಮನೆಯ ಹೆಂಗಸು ಮೊದಲ ಸಲ 'ಮಮ್ಮಿ' ಎಂದು ಕರೆದಾಗ ನಾನು ಅಡುಗೆಮನೆಯಲ್ಲಿ ಕೊತ್ತಂಬರಿ ಸೊಪ್ಪು ಸೋಸುತ್ತಿದ್ದೆ. ಅವಳು ಬಾಗಿಲಲ್ಲೇ ನಿಂತು, "ಮಮ್ಮಿ, ಮಕಾನ್ ಆಲ್ರೆಡಿ?" ಎಂದು ಕೂಗಿದಳು. ಊಟ ಆಯಿತಾ ಎಂದು ಕೇಳುವ ಇಲ್ಲಿನ ರೀತಿ ಅದು. ಅತ್ತೆ ನನ್ನ ಕಡೆ ತಿರುಗಿ, "ಮಕಾನ್ ಅಂದ್ರ ಮನಿ ಅಲ್ಲೇನ? ಮನಿ ಆತೇನು ಅಂತ ಕೇಳತಾಳಲ್ಲ ಇಕಿ" ಎಂದು ನಕ್ಕರು. ಮಮ್ಮಿ ಅಂದದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಎಷ್ಟೋ ವರ್ಷಗಳಿಂದ ಅದೇ ಹೆಸರಿನಲ್ಲಿ ಕರೆಸಿಕೊಂಡವರ ಹಾಗೆ ಎದ್ದು ಹೋಗಿ ಬಾಗಿಲು ಪೂರ್ತಿ ತೆರೆದರು.

ನನ್ನ ಕೈ ಅಲ್ಲಿಗೇ ನಿಂತಿತು.

ಯಾಕೆಂದು ಹೇಳಬೇಕಾದರೆ ನನ್ನ ಮದುವೆಯ ದಿನಕ್ಕೆ ಹೋಗಬೇಕು. ನಾನು ಉಡುಪಿ ಕಡೆಯವಳು, ನನ್ನ ಗಂಡ ಧಾರವಾಡದವನು. ಮಂಗಳೂರಿನಲ್ಲಿ ಒಂದೇ ಆಫೀಸಿನಲ್ಲಿದ್ದಾಗ ಪರಿಚಯವಾಗಿ, ಎರಡೂ ಮನೆಯವರನ್ನು ಒಪ್ಪಿಸುವುದರಲ್ಲಿ ಮೂರು ವರ್ಷ ಕಳೆದು ಆದ ಮದುವೆ. ಹೊಸ್ತಿಲು ದಾಟಿ ಒಳಗೆ ಹೋದಮೇಲೆ ನೀರು ಕೊಡಲು ಬಂದ ಅತ್ತೆಯ ಕಾಲಿಗೆ ಬಿದ್ದು, "ಅಮ್ಮಾ, ಆಶೀರ್ವಾದ ಮಾಡಿ" ಎಂದೆ. ಅವರು ನನ್ನ ತಲೆ ಮುಟ್ಟಿದರು. ಆಮೇಲೆ, ಸುತ್ತ ಕೂತಿದ್ದ ಹತ್ತು ಹದಿನೈದು ಹೆಂಗಸರ ಎದುರಿಗೇ, "ನಿಮ್ಮವ್ವ ಊರಾಗ ಅದಾಳಲ್ಲ. ನಾ ಅತ್ತಿ. ಅತ್ತಿ ಅನ್ನು" ಎಂದರು. ಯಾರೋ ನಕ್ಕರು. ನಾನೂ ನಕ್ಕೆ. ಅವತ್ತಿನಿಂದ ಹನ್ನೊಂದು ವರ್ಷ ಅತ್ತೆ ಎಂದೇ ಕರೆದಿದ್ದೆ.

ದೊಡ್ಡ ಸೊಸೆಯ ಲೆಕ್ಕ ಬೇರೆ. ಅವಳು ಅತ್ತೆಯ ಅಣ್ಣನ ಮಗಳೇ. ಅವಳನ್ನು ಅವರು 'ಯವ್ವಾ' ಎಂದು ಕರೆಯುತ್ತಾರೆ. "ಯವ್ವಾ, ಒಂಚೂರು ನೀರು ತಾ", "ಹೋಗಲಿ ಬಿಡ ಯವ್ವಾ, ಅಳಬ್ಯಾಡ." ನನ್ನನ್ನು ಕರೆಯುವುದಕ್ಕೆ ಅವರಲ್ಲಿ ಶಬ್ದವೇ ಇರಲಿಲ್ಲ. "ಕೇಳಿಲ್ಲೆ" ಎನ್ನುತ್ತಿದ್ದರು. ಮಗನ ಹತ್ತಿರ ಮಾತಾಡುವಾಗ "ನಿಮ್ಮಾಕಿ" ಎನ್ನುತ್ತಿದ್ದರು. ಬೈದವರಲ್ಲ, ಕೊಂಕು ಮಾತಾಡಿದವರಲ್ಲ, ನನ್ನ ಬಾಣಂತನಕ್ಕೆ ಅಂಟಿನ ಉಂಡಿ ಕಟ್ಟಿ ಕಳಿಸಿದವರು. ಆದರೂ ಆ ಒಂದು ಶಬ್ದಕ್ಕೆ ನಾನು ಕಾಯುತ್ತಿದ್ದೆ. ಕಾಯುತ್ತಿದ್ದೇನೆ ಎಂದು ಯಾರಿಗೂ ಹೇಳಿರಲಿಲ್ಲ.

ಗಂಡನಿಗೆ ಕಡಲಾಚೆಯ ಈ ಕ್ಲಾಂಗ್ ಬಂದರಿನ ಒಂದು ಹಡಗು ಸರಕಿನ ಕಂಪನಿಯಲ್ಲಿ ಕೆಲಸ. ನಾವು ಇಲ್ಲಿಗೆ ಬಂದು ಆರು ವರ್ಷವಾಗಿದೆ. ನಾನು ಅವನ ವೀಸಾದ ಬಾಲ ಹಿಡಿದು ಬಂದವಳು, ಕೆಲಸ ಮಾಡುವ ಹಾಗಿಲ್ಲ. ಮಗಳಿಗೆ ಒಂಬತ್ತು ವರ್ಷ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. ಕಳೆದ ವರ್ಷ ಅತ್ತೆ ಮೂರು ತಿಂಗಳು ಇದ್ದು ಹೋಗಲು ಬಂದರು. ಬರುವಾಗ ಐದು ಕಿಲೋ ಜೋಳದ ಹಿಟ್ಟು, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ಎಲ್ಲ ತಂದಿದ್ದರು. ಈ ಮೂರು ತಿಂಗಳಲ್ಲಿ ನಾವಿಬ್ಬರೂ ಹತ್ತಿರವಾಗುತ್ತೇವೆ ಎಂದು ನಾನು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆ. ಅಲ್ಲಿ ಆದರೆ ದೊಡ್ಡ ಸೊಸೆ ಇರುತ್ತಾಳೆ, ನೆಂಟರಿರುತ್ತಾರೆ. ಇಲ್ಲಿ ಏಳನೇ ಮಹಡಿಯ ಮನೆಯಲ್ಲಿ ಹಗಲಿಡೀ ನಾನೊಬ್ಬಳೇ ತಾನೆ?

ಬಂದ ಮೂರನೇ ಬೆಳಿಗ್ಗೆ ಅತ್ತೆ ಅಡುಗೆಮನೆಯ ಕಟ್ಟೆಯ ಮೇಲೆ ರೊಟ್ಟಿ ಬಡಿಯತೊಡಗಿದರು. ಧಪ್ ಧಪ್ ಸದ್ದು ಗೋಡೆಯನ್ನು ಹಾಯ್ದು ಹೋಯಿತು. ಸ್ವಲ್ಪ ಹೊತ್ತಿಗೆ ಬೆಲ್ ಆಯಿತು. ಪಕ್ಕದ ಮನೆಯವಳು ನಿಂತಿದ್ದಳು. ನಲವತ್ತೈದರ ಆಸುಪಾಸಿನ ಚೀನೀ ಹೆಂಗಸು, ಒಬ್ಬಳೇ ಇರುವವಳು. ಮನೆಯಲ್ಲೇ ಕೇಕ್, ಬಿಸ್ಕತ್ತು ಮಾಡಿ ಆರ್ಡರಿನ ಮೇಲೆ ಮಾರುತ್ತಾಳೆ. ನಾಲ್ಕು ವರ್ಷದಿಂದ ನಮ್ಮ ಗೋಡೆಗೆ ಗೋಡೆ ತಾಗಿ ಇದ್ದರೂ ಲಿಫ್ಟಿನಲ್ಲಿ "ಹಾಯ್ ಡಿಯರ್" ಬಿಟ್ಟರೆ ನಮ್ಮ ನಡುವೆ ಇನ್ನೊಂದು ಮಾತು ನಡೆದಿರಲಿಲ್ಲ. ಡಿಯರ್ ಎಂದರೆ ವಿಶೇಷವೇನಲ್ಲ, ಕೆಳಗಿನ ಕಾವಲಿನವನಿಗೂ ಅವಳು ಹಾಗೇ ಅನ್ನುತ್ತಾಳೆ.

ನಿಮ್ಮ ಮನೆಯಲ್ಲಿ ಏನಾದರೂ ರಿಪೇರಿ ನಡೆಯುತ್ತಿದೆಯಾ ಎಂದು ಕೇಳಲು ಬಂದಿದ್ದಳು. ನಾನು ಕ್ಷಮೆ ಕೇಳುವಷ್ಟರಲ್ಲಿ ಅತ್ತೆ ಕೈಗೆ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದು, ಅವಳನ್ನು ನೋಡಿ, "ಬಾ ಬಾ, ಒಳಗ ಬಾ" ಎಂದರು. ಕನ್ನಡದಲ್ಲೇ. ಅವಳಿಗೆ ಅದು ಹೇಗೆ ಅರ್ಥವಾಯಿತೋ, ಚಪ್ಪಲಿ ಬಿಟ್ಟು ಒಳಗೆ ಬಂದಳು. ಕಟ್ಟೆಯ ಪಕ್ಕ ನಿಂತು, ಹಿಟ್ಟಿನ ಮುದ್ದೆ ಅಂಗೈಯ ಕೆಳಗೆ ತಿರುಗುತ್ತಾ ಚಂದ್ರನ ಹಾಗೆ ಅಗಲವಾಗುವುದನ್ನು ಬಾಯಿ ತೆರೆದು ನೋಡಿದಳು. ಹೊಟ್ಟೆಪಾಡಿಗೆ ಹಿಟ್ಟು ಕಲಸುವವಳು ಅವಳು. ಇನ್ನೊಬ್ಬರ ಕೈ ನೋಡಿದರೆ ಗೊತ್ತಾಗುತ್ತದೆ. ಬಿಸಿ ರೊಟ್ಟಿಗೆ ಬೆಣ್ಣೆ, ಚಟ್ನಿಪುಡಿ ಹಾಕಿ ಕೊಟ್ಟದ್ದನ್ನು ನಿಂತೇ ತಿಂದು, ಖಾರಕ್ಕೆ ಕಣ್ಣಲ್ಲಿ ನೀರು ಬರಿಸಿಕೊಂಡು, ಇನ್ನೊಂದು ಬೇಕು ಎಂದು ಬೆರಳು ತೋರಿಸಿದಳು.

ಮರುದಿನ ಸಂಜೆ ನಾಲ್ಕಕ್ಕೆ ಡಬ್ಬಿ ಹಿಡಿದು ಬಂದಳು. ಅವತ್ತೇ ಆ ಮಮ್ಮಿ ಹುಟ್ಟಿದ್ದು.

ಅಲ್ಲಿಂದ ನಾಲ್ಕು ಗಂಟೆಯ ಚಹಾ ಅವರಿಬ್ಬರದಾಯಿತು. ಅತ್ತೆಗೆ ಇಂಗ್ಲಿಷ್ ಬರದು, ಅವಳಿಗೆ ಕನ್ನಡ ಬರದು. ಮಗಳು ಶಾಲೆಯಿಂದ ಬಂದಿದ್ದರೆ ನಡುವೆ ಕೂತು ತನಗೆ ಬರುವ ಬಿಡಿ ಕನ್ನಡ ಶಬ್ದಗಳಲ್ಲಿ ಅರ್ಥ ಹೇಳುತ್ತಿದ್ದಳು, ಇಲ್ಲದಿದ್ದರೆ ಕೈಸನ್ನೆ. ನನ್ನನ್ನು ಕೇಳಿದರೆ ನಾನೂ ಹೇಳುತ್ತಿದ್ದೆ, ಆದರೆ ಅವರು ಕೇಳುತ್ತಿರಲಿಲ್ಲ. ಅದೇ ವಾರ ಮಗಳಿಗೆ ಶಾಲೆಯಲ್ಲಿ ಒಂದು ಹೋಮ್‌ವರ್ಕ್ ಕೊಟ್ಟಿದ್ದರು: ಮನೆಯವರನ್ನೂ ಗೆಳೆಯರನ್ನೂ ಸಲುಗೆಯಿಂದ ಕರೆಯುವ ಇಂಗ್ಲಿಷ್ ಶಬ್ದಗಳನ್ನು ಬರೆದುಕೊಂಡು ಬರಬೇಕು. ಅವಳು ಸೋಫಾದ ಮೇಲೆ ಕೂತು ಗಟ್ಟಿಯಾಗಿ ಓದಿದಳು. ಮಮ್, ಡ್ಯಾಡ್, ಸಿಸ್, ಬ್ರೋ, ಗ್ರ್ಯಾನ್, ಹಬ್ಬಿ, ಬೆಸ್ಟಿ.

"ಹಬ್ಬಿ ಅಂದ್ರೇನ? ಹಬ್ಬದ ಅಡಗಿ ಏನು?" ಎಂದರು ಅತ್ತೆ.

"ಇಟ್ಸ್ ಹಸ್ಬೆಂಡ್, ಅಜ್ಜಿ!"

"ಅಯ್ಯ, ಗಂಡಗ ಹಬ್ಬಿ ಅಂತಾರ? ದಿನಾ ಹಬ್ಬ ಮಾಡ್ತಾನೇನ ಅಂವ?"

ಇದನ್ನು ಮಗಳು ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಪಕ್ಕದ ಮನೆಯವಳು ನಕ್ಕು ನಕ್ಕು ಅತ್ತೆಯ ತೊಡೆಯ ಮೇಲೆ ಕೈ ಹೊಡೆದಳು. ನಾನು ಅತ್ತೆಯ ತೊಡೆಯನ್ನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಮುಟ್ಟಿದವಳಲ್ಲ. ಮಗಳು ಪಟ್ಟಿಯಲ್ಲಿದ್ದ ಒಂದೊಂದು ಶಬ್ದವನ್ನೂ ಯಾರಿಗೆ ಹೊಂದುತ್ತದೆ ಎಂದು ಹಂಚಿದಳು. ನಾನು ಮಮ್. ಅಪ್ಪ ಡ್ಯಾಡ್. ಅಜ್ಜಿ ಗ್ರ್ಯಾನ್. ಬೆಸ್ಟಿ ಎಂದರೆ ಎಲ್ಲರಿಗಿಂತ ಆಪ್ತ ಗೆಳತಿ ಎಂದು ಅಜ್ಜಿಗೆ ಹೇಗೋ ತಿಳಿಸಿ, "ಆಂಟಿ ಈಸ್ ಅಜ್ಜಿಸ್ ಬೆಸ್ಟಿ" ಎಂದಳು. ಅತ್ತೆ ಅದನ್ನು ಬಾಯಲ್ಲಿ ತಿರುಗಿಸಿ ನೋಡಿ, "ಬೆಷ್ಟಿ" ಎಂದರು. ಮರುದಿನದಿಂದ ನಾಲ್ಕು ಗಂಟೆಗೆ ಬೆಲ್ ಆದಾಗ, "ನನ್ನ ಬೆಷ್ಟಿ ಬಂದ್ಲು, ಬಾಗಲಾ ತಗಿ" ಎಂದು ನನಗೇ ಹೇಳುತ್ತಿದ್ದರು.

ಹೊಟ್ಟೆಕಿಚ್ಚು ಎಂಬುದನ್ನು ನಾನು ಬಾಯಿಮಾತಿಗೆ ಬಳಸುತ್ತಿದ್ದೆ, ಹೊಟ್ಟೆಯೊಳಗೆ ನಿಜವಾಗಿ ಉರಿಯುತ್ತದೆ ಎಂದು ಆಗ ತಿಳಿಯಿತು. ಮೂರೂವರೆಗೇ ಚಹಾ ಮಾಡಿ ಅತ್ತೆಗೆ ಕೊಟ್ಟು ಮುಗಿಸಿಬಿಡಲು ನೋಡಿದೆ. ಅವರು ಕುಡಿದು, ನಾಲ್ಕಕ್ಕೆ ಅವಳ ಜೊತೆ ಇನ್ನೊಮ್ಮೆ ಕುಡಿದರು. ನಮ್ಮ ದೇಶದವರ ಅಂಗಡಿಗಳಿರುವ ಲಿಟಲ್ ಇಂಡಿಯಾಕ್ಕೆ ತರಕಾರಿಗೆ ಹೋಗೋಣ ಎಂದು ಸರಿಯಾಗಿ ಮೂರು ಮುಕ್ಕಾಲಿಗೆ ಹೊರಡಿಸಿದೆ. ಅಂಗಡಿಯ ತಮಿಳಿನವನು ನನ್ನನ್ನು "ಅಕ್ಕಾ" ಎಂದೂ ಅತ್ತೆಯನ್ನು "ಅಮ್ಮಾ" ಎಂದೂ ಕರೆದು ನುಗ್ಗೆಕಾಯಿ ತೂಗಿದ. ಅವನು ಅಮ್ಮಾ ಅಂದದ್ದಕ್ಕೂ ಅತ್ತೆ ಏನೂ ಅನ್ನಲಿಲ್ಲ. ಈ ದೇಶದಲ್ಲಿ ಯಾರು ಯಾರನ್ನು ಬೇಕಾದರೂ ಏನು ಬೇಕಾದರೂ ಕರೆಯಬಹುದು, ನನ್ನೊಬ್ಬಳನ್ನು ಬಿಟ್ಟು ಎಂದು ಅಲ್ಲಿ ನಿಂತು ಯೋಚಿಸಿದ್ದು ನೆನಪಿದೆ. ವಾಪಸು ಬರುವಾಗ ಅತ್ತೆ, "ಆಕಿ ಬಂದು ಹೋಗಿರಬೇಕು, ಪಾಪ" ಎಂದು ಎರಡು ಸಲ ಹೇಳಿದರು.

ಒಂದು ದಿನ ಅವಳಿಗೆ ರೊಟ್ಟಿ ಬಡಿಯುವುದನ್ನು ಕಲಿಸಿದರು. ಅವಳ ಮಣಿಕಟ್ಟನ್ನು ಹಿಡಿದು, ಹೀಗೆ ತಿರುಗಿಸಬೇಕು, ಹೀಗೆ ಬಡಿಯಬೇಕು ಎಂದು. ಎರಡನೇ ರೊಟ್ಟಿಯೇ ದುಂಡಗೆ ಬಂತು. ನಾನು ಮದುವೆಯಾದ ಹೊಸದರಲ್ಲಿ ಧಾರವಾಡದಲ್ಲಿ ಒಮ್ಮೆ ಬಡಿಯಲು ಹೋಗಿ ರೊಟ್ಟಿ ಹರಿದಾಗ, "ಬಿಡು, ನಿಮ್ಮ ಕಡೆ ಅನ್ನ ಉಣ್ಣೋರು" ಎಂದು ಹಿಟ್ಟನ್ನು ತಮ್ಮ ಕಡೆ ಎಳೆದುಕೊಂಡಿದ್ದರು. ಅದು ನನ್ನ ಕಷ್ಟ ತಪ್ಪಿಸಲೆಂದು ಆಡಿದ ಮಾತೂ ಇರಬಹುದು. ಅವತ್ತು ಮಾತ್ರ ನನಗೆ ಹಾಗೆ ಕಾಣಲಿಲ್ಲ.

ಗಂಡನ ಹತ್ತಿರ ಹೇಳಿಕೊಂಡೆ.

"ನಿಮ್ಮ ಅಮ್ಮನ್ನ ಅವಳು ಮಮ್ಮಿ ಅಂತಾಳೆ."

"ಅನ್ಲಿ ಬಿಡು."

"ಎಂತ ಅನ್ಲಿ ಬಿಡು? ನಾನು ಅಮ್ಮ ಅಂದಾಗ ಆಗ್ಲಿಲ್ಲ ಅಲ್ವಾ?"

ಅವನಿಗೆ ಮದುವೆ ದಿನದ ಆ ಮಾತು ನೆನಪೇ ಇರಲಿಲ್ಲ. "ಹನ್ನೊಂದು ವರ್ಷದ ಹಿಂದಿಂದು ಇನ್ನೂ ಇಟ್ಕೊಂಡು ಕುಂತೀಯಾ? ಇಲ್ಲಿ ಎಲ್ಲಾರೂ ಎಲ್ಲಾರ್ಗೂ ಆಂಟಿ, ಮಮ್ಮಿ, ಬಾಸ್ ಅಂತಾರ. ಅವ್ವಗೆ ಟೈಮ್ ಪಾಸ್ ಆಗ್ತೈತಿ, ಖುಷಿ ಪಡು" ಎಂದು ಫೋನಿಗೆ ಕಣ್ಣು ಹಾಕಿದ.

ಅತ್ತೆ ಬಂದು ಎರಡು ತಿಂಗಳು ತುಂಬುವ ಹೊತ್ತಿಗೆ ಅದು ಆಯಿತು. ಪಕ್ಕದ ಮನೆಯವಳು ಒಲೆಯ ತಟ್ಟೆಯಿಂದ ಕೈ ಸುಟ್ಟುಕೊಂಡು ಬಂದಿದ್ದಳು. ಅತ್ತೆ ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, "ಏನೂ ಆಗೂದಿಲ್ಲ ಬಿಡ ಯವ್ವಾ, ಸ್ವಲ್ಪ ತಡಿ ಯವ್ವಾ" ಎನ್ನುತ್ತಿದ್ದರು. ನಾನು ಫ್ರಿಜ್ಜಿನ ಬಾಗಿಲು ಹಿಡಿದು ನಿಂತಿದ್ದೆ. ಅವಳಿಗೆ ಆ ಶಬ್ದದ ಅರ್ಥವೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಲಿಫ್ಟಿನ ಮುಂದೆ ಅವಳು ಸಿಕ್ಕಳು. "ಹಾಯ್ ಡಿಯರ್, ಮಮ್ಮಿ ಎದ್ದಿದ್ದಾರಾ?" ಎಂದಳು. ನಾನು ಮೊದಲೇ ಯೋಚಿಸಿಟ್ಟುಕೊಂಡದ್ದಲ್ಲ. ಆದರೆ ಬಾಯಿಂದ ಬಂದದ್ದು ಯೋಚಿಸಿಟ್ಟ ಹಾಗೆಯೇ ಇತ್ತು. ನೀವು ತಪ್ಪು ತಿಳಿಯಬಾರದು, ನಮ್ಮಲ್ಲಿ ಹೊರಗಿನವರು ಮಮ್ಮಿ ಎಂದು ಕರೆಯುವುದು ಒಳ್ಳೆಯದಲ್ಲ, ಅತ್ತೆಗೆ ಅದರಿಂದ ಮುಜುಗರವಾಗುತ್ತದೆ, ದೊಡ್ಡವರಲ್ಲವಾ, ಬಾಯಿಬಿಟ್ಟು ಹೇಳುವುದಿಲ್ಲ ಎಂದು ಇಂಗ್ಲಿಷಿನಲ್ಲಿ ನಯವಾಗಿ ಹೇಳಿದೆ. ಅವಳ ಮುಖ ಕತ್ತಿನವರೆಗೆ ಕೆಂಪಾಯಿತು. "ಅಯ್ಯೋ, ಸಾರಿ ಲಾ, ಐ ರಿಯಲಿ ಡಿಡಂಟ್ ನೋ" ಎಂದು, ಇಲ್ಲಿನವರ ಹಾಗೆ ಮಾತಿಗೊಂದು ಲಾ ಸೇರಿಸಿ, ಮೂರು ಸಲ ಹೇಳಿದಳು. ಲಿಫ್ಟ್ ಬಂತು. ಅವಳು ಹತ್ತಲಿಲ್ಲ. ನಾನು ಇಳಿದುಹೋದೆ. ಮಗಳ ಕೈ ನನ್ನ ಕೈಯಲ್ಲಿತ್ತು ಎಂಬುದನ್ನು, ಅವಳು ಎಲ್ಲವನ್ನೂ ಕೇಳಿಸಿಕೊಂಡಳು ಎಂಬುದನ್ನು, ಶಾಲೆಯ ವ್ಯಾನು ಹೋದಮೇಲೆ ಯೋಚಿಸಿದೆ. ಚಿಕ್ಕವಳು, ಮರೆಯುತ್ತಾಳೆ ಎಂದುಕೊಂಡೆ.

ಅವತ್ತು ನಾಲ್ಕಕ್ಕೆ ಬೆಲ್ ಆಗಲಿಲ್ಲ. ಮರುದಿನವೂ ಆಗಲಿಲ್ಲ. ಮೂರನೇ ದಿನ ಕಾರಿಡಾರಿನಲ್ಲಿ ಎದುರಾದಾಗ ಅವಳು ಅತ್ತೆಗೆ "ಹಲೋ ಆಂಟಿ" ಎಂದು ಕೈ ಮುಗಿದು, ಬೇಗ ಬೇಗ ಬಾಗಿಲು ಹಾಕಿಕೊಂಡಳಂತೆ. ಕೈ ಮುಗಿಯುವುದನ್ನು ಅವಳು ಎಲ್ಲಿ ಕಲಿತಳೋ.

ಮೊದಲೆರಡು ದಿನ ನನಗೆ ಸುಖವಾಗಿಯೇ ಇತ್ತು. ನಾಲ್ಕಕ್ಕೆ ಅತ್ತೆಯ ಎದುರು ನಾನು ಕೂತೆ. ಚಹಾ ಕೊಟ್ಟೆ, ಊರಿನ ವಿಷಯ ಕೇಳಿದೆ. ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟು, ಬಾಗಿಲ ಕಡೆ ನೋಡುತ್ತಿದ್ದರು. ನಾಲ್ಕನೇ ದಿನ ಅವರೇ ಮಾತು ತೆಗೆದರು.

"ನನ್ನಿಂದ ಏನೋ ತಪ್ಪಾಗೈತಿ."

"ಎಂತ ತಪ್ಪು ಅತ್ತೆ? ಅವಳಿಗೆ ಆರ್ಡರ್ ಇರ್ಬೇಕು."

"ಅಲ್ಲ. ಹೋದವಾರ ಕೇಕು ತಂದಿದ್ಲಲ್ಲ, ತತ್ತಿ ಹಾಕಿದ್ದು. ನಾ ಬ್ಯಾಡ ಅಂತ ಹಿಂದಕ ಸರಿಸಿಬಿಟ್ಟೆ. ಕೈಯಿಂದ ಮಾಡಿ ತಂದಾಕಿ. ಮುಖಾ ಸಣ್ಣದಾಗಿತ್ತು ಆಕೀದು."

ಅತ್ತೆ ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವರಲ್ಲ. ಇಲ್ಲಿಗೆ ಬಂದಮೇಲೆ ಬಿಸ್ಕತ್ತಿನ ಪೊಟ್ಟಣವನ್ನೂ ಮೊಮ್ಮಗಳ ಕೈಯಲ್ಲಿ ಓದಿಸಿಯೇ ತಿನ್ನುತ್ತಿದ್ದವರು. ನಾನು ಅಲ್ಲೇ, ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. "ಅದಕ್ಕೆಲ್ಲ ಯಾರು ಸಿಟ್ಟಾಗ್ತಾರೆ ಅತ್ತೆ" ಎಂದು ಲೋಟ ಎತ್ತಿಕೊಂಡು ಒಳಗೆ ಹೋದೆ.

ಶನಿವಾರ ನಾನು ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ. ಗಂಡ ಹೊರಗೆ ಹೋಗಿದ್ದ. ಅತ್ತೆಯೂ ಮಗಳೂ ಕಾಣಲಿಲ್ಲ, ಕೆಳಗೆ ಆಟದ ಜಾಗಕ್ಕೆ ಹೋಗಿರಬೇಕು ಎಂದುಕೊಂಡೆ. ಅವರು ಹೋಗಿದ್ದು ಪಕ್ಕದ ಮನೆಗೆ. ಅಲ್ಲಿ ಏನಾಯಿತು ಎಂಬುದನ್ನು ನನಗೆ ಆಮೇಲೆ ಮಗಳೂ ಪಕ್ಕದ ಮನೆಯವಳೂ ಬೇರೆ ಬೇರೆಯಾಗಿ ಹೇಳಿದ್ದಾರೆ, ಇಬ್ಬರ ಮಾತೂ ತಾಳೆಯಾಗುತ್ತದೆ.

ಅತ್ತೆ ನೇರವಾಗಿ ಅವಳ ಅಡುಗೆಮನೆಗೆ ಹೋಗಿ ಕುರ್ಚಿಯ ಮೇಲೆ ಕೂತರಂತೆ. ಮೇಜಿನ ಮೇಲೆ ಆರಲು ಇಟ್ಟಿದ್ದ ಕೇಕುಗಳನ್ನು ತೋರಿಸಿ, ತಮ್ಮ ಬಾಯಿ ತೋರಿಸಿ, "ಕೊಡು, ತಿಂತೀನಿ" ಎಂದರಂತೆ. ಅವಳು ಗಾಬರಿಯಾಗಿ, "ನೋ ನೋ ಆಂಟಿ, ದಿಸ್ ಒನ್ ಗಾಟ್ ಎಗ್" ಎಂದಳು. ಅತ್ತೆ ಮೊಮ್ಮಗಳಿಗೆ, "ಗೊತ್ತೈತಿ ಅಂತ ಹೇಳು. ತತ್ತಿ ಐತಿ ಅಂತ ಗೊತ್ತಿದ್ದೇ ತಿಂತೀನಿ. ಸಿಟ್ಟು ಬಿಡು ಅಂತ ಹೇಳು" ಎಂದರು. ಹೇಳಿ, ಕೈಗೆ ಸಿಕ್ಕ ಒಂದು ತುಂಡನ್ನು ಎತ್ತಿಕೊಂಡೂಬಿಟ್ಟರು. ಅವಳು ಅವರ ಕೈ ಹಿಡಿದುಕೊಂಡಳು. ಒಬ್ಬರು ಬಾಯಿಗೆ ಒಯ್ಯಲು ನೋಡುವುದು, ಇನ್ನೊಬ್ಬರು ತಡೆಯುವುದು. ಕೇಕು ಪುಡಿಯಾಗಿ ನೆಲಕ್ಕೆ ಬಿತ್ತು.

ಮಗಳು ಅಳುತ್ತಾ, "ಅಜ್ಜಿ, ಸ್ಟಾಪ್! ಶೀ ಈಸ್ ನಾಟ್ ಆಂಗ್ರಿ. ಮಮ್ ಟೋಲ್ಡ್ ಹರ್ ನಾಟ್ ಟು ಕಾಲ್ ಯು ಮಮ್ಮಿ" ಎಂದಳು. ಅಜ್ಜಿಗೆ ತಿಳಿಯಲಿಲ್ಲ. ನನ್ನ ಮಗಳು, ಯಾವತ್ತೂ ಕನ್ನಡದಲ್ಲಿ ಪೂರ್ತಿ ಮಾತಾಡದವಳು, ಅವತ್ತು ಆಡಿದಳು. "ಅಮ್ಮ ಹೇಳಿದ್ದು. ಮಮ್ಮಿ ಅನ್ನಬೇಡ ಅಂತ. ಅಮ್ಮ ಹೇಳಿದ್ದು."

ಅತ್ತೆ ಮನೆಗೆ ಬಂದಾಗ ಅವರ ಸೆರಗಿನ ಮೇಲೆ ಕೇಕಿನ ಪುಡಿ ಇತ್ತು. ಕೈ ತೊಳೆದುಕೊಂಡು ಬಂದು, ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗನ್ನು ತಾವೇ ಕಿತ್ತು, ನನ್ನ ಎದುರು ಕೂತರು.

"ಹೌದೇನು?"

ನಾನು ಹೌದು ಎಂದೆ.

"ಯಾಕ?"

ಅಲ್ಲಿಯವರೆಗೆ ಯಾವ ಧೈರ್ಯವೂ ಇರಲಿಲ್ಲ ನನಗೆ. ಹೇಳಲು ತೊಡಗಿದ ಮೇಲೆ ನಿಲ್ಲಿಸಲಾಗಲಿಲ್ಲ. ಮದುವೆಯ ದಿನ ಎಲ್ಲರ ಎದುರು ಅಮ್ಮ ಅನ್ನಬೇಡ ಎಂದಿರಿ. ದೊಡ್ಡ ಸೊಸೆಗೆ ಯವ್ವಾ ಅಂತೀರಿ. ನನ್ನನ್ನು ಕರೆಯಲು ಹೆಸರೇ ಇಲ್ಲ, ಕೇಳಿಲ್ಲೆ ಅಂತೀರಿ. ನಿನ್ನೆ ಮೊನ್ನೆ ಬಂದವಳು ಮಮ್ಮಿ ಎಂದರೆ ಬಾಗಿಲು ತೆರೆದಿರಿ. ಯವ್ವಾ ಅಂತ ಅವಳಿಗೂ ಅಂದಿರಿ. ಅವಳ ಮಣಿಕಟ್ಟು ಹಿಡಿದು ರೊಟ್ಟಿ ಕಲಿಸಿದಿರಿ. ಇಷ್ಟನ್ನೂ ನಾನು ಅಳದೆ ಹೇಳಬೇಕು ಎಂದುಕೊಂಡಿದ್ದೆ, ಆಗಲಿಲ್ಲ.

ಮಗಳು ಕೋಣೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದಳು, ಅತ್ತೆ ಅವಳಿಗೆ ಒಳಗೆ ಹೋಗೆಂದು ಕೈಸನ್ನೆ ಮಾಡಿದರು.

"ಅವತ್ತ ನೀ ಅಮ್ಮ ಅಂದಿ ಖರೆ. ನಮ್ಮ ಮನಿಗೆ ಬಂದು ಎರಡ ತಾಸು ಆಗಿತ್ತು ನಿನಗ. ನನ್ನ ಮುಖಾನೂ ಸರಿಯಾಗಿ ನೋಡಿದ್ದಿಲ್ಲ. ಯಾರೋ ಹೇಳಿಕೊಟ್ಟು ಕಳಿಸ್ಯಾರ, ಗಿಳಿಪಾಠ ಒಪ್ಪಸಾಕತ್ತಾಳ ಅನ್ನಿಸ್ತು."

ನನ್ನ ಚಿಕ್ಕಮ್ಮ ಹೇಳಿಕೊಟ್ಟದ್ದು ನಿಜ. ಕಾರಿನಲ್ಲಿ ಕೂತಾಗ, ಹೋದ ಕೂಡಲೇ ಅಮ್ಮ ಎಂದುಬಿಡು, ಅವರ ಮನಸ್ಸು ಕರಗುತ್ತದೆ ಎಂದಿದ್ದಳು.

"ಅವ್ವ ಅನ್ನೂದು ಭಾರದ ಮಾತು. ಸುಮ್ನ ಅನ್ನಿಸಿಕೋಬಾರದು ಅಂತ ನನಗ. ಇಕಿ ಮಮ್ಮಿ ಅಂದ್ರ ನನಗೇನೂ ಅನ್ನಿಸೂದಿಲ್ಲ. ಇಂಗ್ಲೀಷಿಂದು ಅದು, ಹಗುರ ಐತಿ. ಅಂಗಡಿಯವರೂ ಅಂತಾರ."

"ಯವ್ವಾ ಅಂದದ್ದು ಇಂಗ್ಲಿಷಲ್ಲ ಅಲ್ವಾ ಅತ್ತೆ?" ಎಂದೆ.

ಅವರು ಸೆರಗಿನ ಮೇಲಿನ ಕೇಕಿನ ಪುಡಿ ಕೊಡವುತ್ತಾ, "ಕೈ ಸುಟ್ಟಿತ್ತು ಆಕೀದು. ಬಾಯಾಗ ಬಂತು" ಎಂದರು. ಆಮೇಲೆ ದನಿ ಬದಲಾಯಿತು. "ನನ್ನ ಮ್ಯಾಲೆ ಸಿಟ್ಟಿತ್ತಂದ್ರ ನನಗ ಹೇಳಬೇಕಿತ್ತು. ನನ್ನ ಹೆಸರ್ಲೆ ಆಕಿಗೆ ಸುಳ್ಳ ಹೇಳಿದಿ. ಅದು ತಪ್ಪು. ಹೋಗಿ ನೀನೇ ಖರೆ ಹೇಳಿ ಬಾ. ಅಲ್ಲೀತನಕ ನನಗ ಚಾ ಬ್ಯಾಡ."

"ನಾನು ಇನ್ನು ಮುಂದೆ ಅವ್ವ ಅನ್ಲಾ?" ಎಂದು ಕೇಳಿದೆ. ಯಾಕೆ ಆ ಹೊತ್ತಿನಲ್ಲೇ ಕೇಳಿದೆನೋ.

"ಈಗ ಬ್ಯಾಡ. ಅತ್ತಿ ರೂಢಿ ಆಗೈತಿ ನನಗ. ಅತ್ತಿ ಅಂದ್ರ ಕಡಿಮಿ ಏನು?"

ಪಕ್ಕದ ಮನೆಗೆ ಹೋಗಲು ನನಗೆ ಒಂದು ದಿನ ಬೇಕಾಯಿತು. ಭಾನುವಾರ ಮಧ್ಯಾಹ್ನ ಹೋದೆ. ನಾಲ್ಕು ವರ್ಷದಲ್ಲಿ ಅವಳ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಹೇಳಿದ್ದು ಸುಳ್ಳು, ಅತ್ತೆಗೆ ಯಾವ ಮುಜುಗರವೂ ಇರಲಿಲ್ಲ, ಹೊಟ್ಟೆಕಿಚ್ಚಾಗಿದ್ದು ನನಗೆ ಎಂದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೈ ಒರೆಸಿಕೊಂಡಳು. ತನ್ನ ತಾಯಿ ಇಪೋ ಎಂಬ ಊರಿನಲ್ಲಿ ಇದ್ದಾರೆ, ಗಂಡನನ್ನು ಬಿಟ್ಟು ಬಂದದ್ದಕ್ಕೆ ಆರು ವರ್ಷದಿಂದ ತನ್ನ ಫೋನ್ ಎತ್ತುವುದಿಲ್ಲ, ಮಮ್ಮಿ ಎಂದು ಬಾಯಿಗೆ ಬಂದದ್ದು ತನಗೂ ಗೊತ್ತಾಗಲಿಲ್ಲ ಎಂದಳು. ಇದನ್ನು ಅತ್ತೆಗೆ ಹೇಳಿದ್ದೀಯಾ ಎಂದು ಕೇಳಿದೆ. "ಹೇಗೆ ಹೇಳುವುದು? ನಿನ್ನ ಮಗಳ ಬಾಯಲ್ಲಿ ಹೇಳಿಸಲಾ?" ಎಂದಳು. ಕ್ಷಮಿಸಿದೆ ಎಂದು ಹೇಳಲಿಲ್ಲ. "ಇಟ್ಸ್ ಓಕೆ ಲಾ" ಎಂದಳು, ಅದು ಇಲ್ಲಿ ಎಲ್ಲದಕ್ಕೂ ಹೇಳುವ ಮಾತು. ಹೊರಡುವಾಗ ಒಂದು ಡಬ್ಬಿ ಕೊಟ್ಟು, "ನೋ ಎಗ್" ಎಂದಳು.

ಸೋಮವಾರ ನಾಲ್ಕಕ್ಕೆ ಬೆಲ್ ಆಯಿತು. ಬಾಗಿಲು ತೆಗೆಯಲು ಅತ್ತೆ ನನಗೆ ಹೇಳಲಿಲ್ಲ, ತಾವೇ ಎದ್ದು ಹೋದರು. ಮಮ್ಮಿ ಎಂದಳೋ ಆಂಟಿ ಎಂದಳೋ ನನಗೆ ಕೇಳಿಸಲಿಲ್ಲ, ನಾನು ಬೇಕೆಂದೇ ಮಿಕ್ಸಿ ಹಾಕಿದ್ದೆ. ಚಹಾ ತೆಗೆದುಕೊಂಡು ಹೋದಾಗ ಅತ್ತೆ ತಮ್ಮ ಪಕ್ಕದ ಜಾಗ ತೋರಿಸಿ, "ಕುಂದರು" ಎಂದರು. ಕೂತೆ. ಅವಳ ತಾಯಿಯ ವಿಷಯವನ್ನು ನಾನೇ ಕನ್ನಡದಲ್ಲಿ ಹೇಳಿದೆ. ಅತ್ತೆ ಅವಳ ತಲೆ ಸವರಿದರು. ನಾನು ಅದನ್ನು ನೋಡುತ್ತಾ ಕೂತಿದ್ದೆ. ಎಲ್ಲ ತಿಳಿದ ಮೇಲೆ ಉರಿ ಆರುತ್ತದೆ ಎಂದು ಹೇಳುವವರಿದ್ದಾರೆ. ನನಗೆ ಆರಲಿಲ್ಲ, ಅದರ ಜೊತೆ ನಾಚಿಕೆಯೂ ಸೇರಿಕೊಂಡಿತು, ಅಷ್ಟೆ.

ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ಅವಳೂ ಬಂದಳು. ಅತ್ತೆಯನ್ನು ತಬ್ಬಿಕೊಂಡು, ಮಮ್ಮಿ ಮಮ್ಮಿ ಎಂದು ಎಲ್ಲರ ಎದುರು ಅತ್ತಳು. ಅತ್ತೆ ಅವಳ ಬೆನ್ನು ತಟ್ಟಿದರು. ನನ್ನ ಸರದಿ ಬಂದಾಗ ನಾನು ಕಾಲಿಗೆ ಬಿದ್ದೆ, ಅವರು ತಲೆ ಮುಟ್ಟಿ, "ಉಳಿದ ಹಿಟ್ಟು ಡಬ್ಬ್ಯಾಗ ಹಾಕಿಡು, ಹುಳಾ ಆಗ್ತಾವ" ಎಂದರು. ಗಂಡ ಕಾರಿನಲ್ಲಿ, "ನೋಡಿದ್ಯಾ, ಹಿಟ್ಟಿನ ಜವಾಬ್ದಾರಿ ನಿನಗೇ ಕೊಟ್ರು" ಎಂದು ತಮಾಷೆ ಮಾಡಲು ನೋಡಿದ. ಹಿಂದಿನ ಸೀಟಿನಲ್ಲಿ ಕೂತಿದ್ದ ಪಕ್ಕದ ಮನೆಯವಳು ದಾರಿಯುದ್ದಕ್ಕೂ ಮೂಗು ಸೀಟುತ್ತಿದ್ದಳು.

ಈಗ ಪ್ರತಿ ಭಾನುವಾರ ಧಾರವಾಡದಿಂದ ವಿಡಿಯೋ ಕಾಲ್ ಬರುತ್ತದೆ. ಅತ್ತೆ ಮಗನ ಹತ್ತಿರ ಎರಡು ಮಾತಾಡಿ, ಮೊಮ್ಮಗಳ ಹತ್ತಿರ ನಾಲ್ಕು ಮಾತಾಡಿ, "ಬೆಷ್ಟಿ ಎಲ್ಲಿ ಅದಾಳ?" ಎಂದು ಕೇಳುತ್ತಾರೆ. ನಾನು ಫೋನು ಹಿಡಿದು ಪಕ್ಕದ ಬಾಗಿಲು ತಟ್ಟುತ್ತೇನೆ. ಒಳಗೆ ಅವರಿಬ್ಬರ ಕೈಸನ್ನೆ ಮುಗಿಯುವವರೆಗೆ ಕಾರಿಡಾರಿನಲ್ಲಿ ನಿಂತಿರುತ್ತೇನೆ. ಅವಳೂ ನಾನೂ ಈಗ ಬುಧವಾರ ಮಾರ್ಕೆಟ್ಟಿಗೆ ಒಟ್ಟಿಗೆ ಹೋಗುತ್ತೇವೆ. ಒಂದು ದಿನ ನನ್ನನ್ನು "ಸಿಸ್" ಎಂದಳು. ಒಳ್ಳೆಯವಳೇ. ಅವಳ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಅವಳು ರೊಟ್ಟಿ ಬಡಿಯುವ ಸದ್ದು ಗೋಡೆಯ ಆಚೆಯಿಂದ ಕೇಳಿದರೆ ಟಿವಿಯ ದನಿ ಜೋರು ಮಾಡುತ್ತೇನೆ.

ಹೋದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಅತ್ತೆಯ ಫೋನು ಬಂತು. ಅದು ಅವರು ಫೋನು ಮಾಡುವ ದಿನವಲ್ಲ, ಗಂಡ ಆಫೀಸಿನಲ್ಲಿರುವ ಹೊತ್ತು. ವಿಡಿಯೋ ಇರಲಿಲ್ಲ, ಬರೀ ದನಿ. ಕಣ್ಣಿನ ಪೊರೆ ತೆಗೆಸಬೇಕೆಂದು ಡಾಕ್ಟರು ಹೇಳಿದ್ದಾರೆ, ಶುಕ್ರವಾರ ಆಪರೇಷನ್ನು.

"ಅಂಜಿಕಿ ಬಂದೈತಿ ನನಗ. ಇಲ್ಲಿ ಯಾರಿಗೂ ಹೇಳಾಕ ಹೋಗಿಲ್ಲ, ನಗತಾರ. ನಿಮ್ಮ ಅಪ್ಪಗ ಆಗಿತ್ತಲ್ಲ, ಏನೇನ ಮಾಡತಾರ, ಸೂಜಿ ಚುಚ್ಚತಾರೇನು?"

ನನ್ನ ಅಪ್ಪನಿಗೆ ಮಣಿಪಾಲದಲ್ಲಿ ಆಗಿದ್ದಾಗ ನಾನೇ ಜೊತೆಗಿದ್ದೆ. ಹನಿ ಹಾಕಿ ಮರಗಟ್ಟಿಸುತ್ತಾರೆ, ಅರ್ಧ ಗಂಟೆಯೂ ಬೇಡ, ನೋವಿರುವುದಿಲ್ಲ, ಮರುದಿನ ಪಟ್ಟಿ ತೆಗೆಯುತ್ತಾರೆ ಎಂದು ಒಂದೊಂದೇ ಹೇಳಿದೆ. ಅವರು ಕೇಳಿದ್ದನ್ನೇ ಕೇಳಿದರು, ನಾನು ಹೇಳಿದ್ದನ್ನೇ ಹೇಳಿದೆ. ಮುಕ್ಕಾಲು ಗಂಟೆ ಆಯಿತು. ನಾವಿಬ್ಬರೂ ಅಷ್ಟು ಹೊತ್ತು ಫೋನಿನಲ್ಲಿ ಮಾತಾಡಿದ್ದೇ ಇಲ್ಲ. ಇಡುವಾಗ, "ಬೆಷ್ಟಿಗೆ ಹೇಳಬ್ಯಾಡ. ದೂರ ಅದಾಳ, ಸುಮ್ಮನ ಹೆದರತಾಳ ಪಾಪ" ಎಂದರು.

ಮರುದಿನ ಬುಧವಾರ. ಮಾರ್ಕೆಟ್ಟಿನಲ್ಲಿ ಅವಳು ಬದನೆಕಾಯಿ ಆರಿಸುತ್ತಾ, "ಮಮ್ಮಿ ಓಕೆ ಆಹ್? ನಿನ್ನೆ ರೊಟ್ಟಿಯ ಫೋಟೋ ಕಳಿಸಿದರೆ ಉತ್ತರವೇ ಇಲ್ಲ" ಎಂದು ಕೇಳಿದಳು.

"ಆರಾಮಾಗಿದ್ದಾರೆ" ಎಂದೆ. ಅತ್ತೆ ಹೇಳಿದ ಮಾತಿಗೆ ನಡೆದುಕೊಂಡೆ, ತಪ್ಪೇನೂ ಮಾಡಲಿಲ್ಲ. ಆದರೆ ಅವಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬ ಸಂತೋಷದಲ್ಲಿ ನಾನು ಬೇಡದಿದ್ದ ಎರಡು ಕಟ್ಟು ಸೊಪ್ಪನ್ನೂ ಕೊಂಡೆ. ಶನಿವಾರ ಪಟ್ಟಿ ಬಿಚ್ಚಿ, ಕಣ್ಣು ಚೆನ್ನಾಗಿ ಕಾಣುತ್ತದೆ ಎಂದು ಅತ್ತೆಯೇ ಫೋನು ಮಾಡಿದ ಮೇಲೆ, ಪಕ್ಕದ ಬಾಗಿಲು ತಟ್ಟಿ ಎಲ್ಲವನ್ನೂ ಹೇಳಿದೆ. ನನಗೇಕೆ ಹೇಳಲಿಲ್ಲ ಎಂದು ಅವಳು ಬಾಗಿಲಲ್ಲೇ ನಿಂತು ಕೇಳಿದಳು. ಅವಳ ಮುಖವನ್ನು ನೋಡಿದೆ. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು, ಎಷ್ಟೋ ವರ್ಷ ನನ್ನದೇ ಆಗಿತ್ತು. ಒಳಗೆ ಬಾ, ಚಹಾ ಮಾಡುತ್ತೇನೆ ಎಂದೆ.